ಗಾಳಿಗೊಂದು ಪಹಣಿ

ನೆಲಕ್ಕೆ ಪಹಣಿಯುಂಟು, ಕೆರೆಗೆ ಅಚ್ಚುಕಟ್ಟಿನ ಲೆಕ್ಕವುಂಟು, ಕಾಡಿನ ಮರಕ್ಕೂ ಸರ್ಕಾರದ ದಫ್ತರದಲ್ಲಿ ಒಂದು ಸಂಖ್ಯೆಯುಂಟು. ಗಾಳಿಗೆ ಮಾತ್ರ ಬಹುಕಾಲ ಯಾವ ದಾಖಲೆಯೂ ಇರಲಿಲ್ಲ. ಅದು ಯಾರ ಸ್ವತ್ತೂ ಅಲ್ಲ, ಯಾರ ಕಂದಾಯಕ್ಕೂ ಸಿಕ್ಕದು ಎಂಬ ನಂಬಿಕೆಯೇ ಇದಕ್ಕೆ ಕಾರಣವಿರಬೇಕು. ಗಾಳಿಯಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಕಾಲ ಬಂದಮೇಲೆ ಈ ನಂಬಿಕೆ ಉಳಿಯಲಿಲ್ಲ. ಎಲ್ಲಿ ಎಷ್ಟು ಗಾಳಿ ಬೀಸುತ್ತದೆ ಎಂದು ಅಳೆಯತೊಡಗಿದವರು ಸ್ವಲ್ಪದರಲ್ಲಿಯೇ ಒಂದು ವಿಚಿತ್ರವನ್ನು ಕಂಡುಕೊಂಡರು. ಗಾಳಿಯ ಲೆಕ್ಕವನ್ನು ಆಕಾಶದಲ್ಲಿ ಮಾತ್ರ ಹುಡುಕಿದರೆ ಸಾಲದು, ನೆಲದಲ್ಲಿಯೂ ಹುಡುಕಬೇಕು. ನೆಲ ಹುಲ್ಲಾಗಿದೆಯೆ, ಹೊಲವಾಗಿದೆಯೆ, ತೋಟವಾಗಿದೆಯೆ, ಊರಾಗಿದೆಯೆ ಎಂಬುದನ್ನು ಅನುಸರಿಸಿ ಅದರ ಮೇಲೆ ಹಾಯುವ ಗಾಳಿ ಕುಂದುತ್ತದೆ ಅಥವಾ ಉಳಿಯುತ್ತದೆ. ಹೀಗಾಗಿ ಗಾಳಿಯನ್ನು ಅರಿಯಬೇಕಾದವನು ಮೊದಲು ನೆಲದ ಒರಟುತನದ ನಕಾಶೆಯನ್ನು ಬರೆಯಬೇಕಾಗುತ್ತದೆ.

ಈ ಮಾತನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ನಿಂತು ವಿಚಾರಿಸುವುದು ಉಚಿತ. ಏಕೆಂದರೆ ನಮ್ಮ ನಾಡಿನಲ್ಲಿ ಇಷ್ಟು ಚಿಕ್ಕ ಹರವಿನೊಳಗೆ ಇಷ್ಟು ಬಗೆಯ ನೆಲ ಒಟ್ಟಿಗೆ ಸೇರಿರುವ ಪ್ರದೇಶಗಳು ವಿರಳ. ಪಡುವಣಕ್ಕೆ ಲಕ್ಕವಳ್ಳಿಯ ಬಳಿ ಭದ್ರಾ ಜಲಾಶಯದ ನೀರಹರವು, ಅದರ ಸುತ್ತ ಹೆಗ್ಗಾಡು. ಅಲ್ಲಿಂದ ಈಚೆಗೆ ತರೀಕೆರೆಯ ಅಡಕೆಯ ತೋಟಗಳು, ನಾಲೆಯ ಕೆಳಗಿನ ಗದ್ದೆಗಳು. ತೆಂಕಣಕ್ಕೆ ಬಾಬಾಬುಡನ್ ಗಿರಿಶ್ರೇಣಿ. ಆ ಬೆಟ್ಟಗಳ ಮರೆಯಲ್ಲಿ ಮಳೆಯನ್ನು ಕಳೆದುಕೊಂಡ ಕಡೂರಿನ ಬಯಲು, ಅಲ್ಲಿಯ ತೆಂಗು ಮತ್ತು ರಾಗಿಯ ಹೊಲ. ಬಡಗಣಕ್ಕೆ ಅಜ್ಜಂಪುರದ ಹೊಲಗಳು ಮತ್ತು ಅಮೃತಮಹಲ್ ಕಾವಲುಗಳ ಹುಲ್ಲು. ಆಷಾಢದಲ್ಲಿ ಪಡುವಣ ಕಡಲಿನಿಂದ ಹೊರಟ ಗಾಳಿ ಇವೆಲ್ಲವನ್ನೂ ಒಂದೊಂದಾಗಿ ದಾಟಿಕೊಂಡು ಚಿತ್ರದುರ್ಗದ ಕಡೆಗೆ ಸಾಗುತ್ತದೆ. ಮಲೆನಾಡು ಎಲ್ಲಿ ಮುಗಿದು ಬಯಲುಸೀಮೆ ಎಲ್ಲಿ ಮೊದಲಾಯಿತೆಂಬುದನ್ನು ಗಾಳಿಯಷ್ಟು ಸೂಕ್ಷ್ಮವಾಗಿ ಬಲ್ಲವರು ಬೇರೆ ಯಾರೂ ಇಲ್ಲ.

ಅಳತೆಯ ಹಳೆಯ ದಾರಿ

ಈ ನೆಲವನ್ನು ಅಳೆದವರ ಪರಂಪರೆ ದೊಡ್ಡದು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕನೊಬ್ಬನು ೧೧೯೬ರಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಭೂಮಾಪನದ ರೀತಿ ಪರಿಚಿತವಾದದ್ದೇ. ಗದ್ದೆಯನ್ನು ಅದು ಕುಡಿಯುವ ಬಿತ್ತನೆಯ ಬೀಜದಿಂದ, ಅಂದರೆ ಖಂಡುಗ, ಕೊಳಗ, ಸಲಗೆಗಳಿಂದ ಅಳೆಯುತ್ತಿದ್ದರು. ಹೊಲವನ್ನು ಗಳೆಯಿಂದ ಅಳೆದು ಮತ್ತರು, ಕಂಬಗಳಲ್ಲಿ ಹೇಳುತ್ತಿದ್ದರು. ಗಡಿಯನ್ನು ಹೇಳುವಾಗ ಮೂಡಲಿಗೆ ಈ ಮರ, ತೆಂಕಲಿಗೆ ಆ ಮೊರಡಿ, ಪಡುವಲಿಗೆ ಕೆರೆಯ ಕೋಡಿ, ಬಡಗಲಿಗೆ ನಟ್ಟ ಕಲ್ಲು ಎಂದು ನಾಲ್ಕು ದಿಕ್ಕಿನಲ್ಲಿಯೂ ಕಣ್ಣಿಗೆ ಕಾಣುವ ವಸ್ತುವನ್ನೇ ಹೆಸರಿಸುತ್ತಿದ್ದರು. ಆ ಗಡಿಯ ಮಾತುಗಳನ್ನು ಓದಿದರೆ ಅಂದಿನ ನೆಲದ ರೂಪವೇ ಕಣ್ಣಮುಂದೆ ನಿಲ್ಲುತ್ತದೆ. ಎಲ್ಲಿ ಮರವಿತ್ತು, ಎಲ್ಲಿ ಬಯಲಿತ್ತು, ಎಲ್ಲಿ ನೀರಿತ್ತು ಎಂಬುದೆಲ್ಲ ಅಲ್ಲಿದೆ.

ಶ್ರೀರಂಗಪಟ್ಟಣ ೧೭೯೯ರಲ್ಲಿ ಬಿದ್ದ ಕೂಡಲೇ ಇಂಗ್ಲಿಷರು ಮೈಸೂರನ್ನು ಅಳೆಯಲು ಇಬ್ಬರನ್ನು ನೇಮಿಸಿದರು. ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ೧೮೦೦ರಲ್ಲಿ ಆಧಾರರೇಖೆಯೊಂದನ್ನು ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋಣಗಳನ್ನು ಹೂಡುತ್ತ ಹೋದನು. ಅವನಿಗೆ ಬೇಕಾದದ್ದು ಶಿಖರಗಳು. ಶಿಖರಗಳ ನಡುವಣ ನೆಲದಲ್ಲಿ ಏನು ಬೆಳೆಯುತ್ತದೆಂಬುದು ಅವನ ಚಿಂತೆಯಲ್ಲ. ಕಾಲಿನ್ ಮೆಕೆಂಜಿಯ ಬುದ್ಧಿ ಬೇರೆಯ ಬಗೆಯದು. ಅವನು ನಕಾಶೆಯ ಜೊತೆಗೆ ಪ್ರತಿಯೊಂದು ಸೀಮೆಯ ಮಣ್ಣು, ಕಾಡು, ಕೆರೆ, ಬೆಳೆ, ಊರುಗಳ ವಿವರಣೆಯನ್ನೂ ಬರೆಯಿಸಿದನು. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಎಂಬ ತೆಲುಗು ಸೋದರರ ನೆರವಿನಿಂದ ಅವನು ಕೂಡಿಸಿದ ಕೈಫಿಯತ್ತುಗಳು ನಮ್ಮ ಚರಿತ್ರೆಯ ದೊಡ್ಡ ಭಂಡಾರ. ಎತ್ತರವನ್ನು ಅಳೆಯುವುದು ಒಂದು ವಿದ್ಯೆ, ಎತ್ತರದ ಮೇಲೆ ಹೊದಿಸಿರುವುದನ್ನು ಬರೆಯುವುದು ಇನ್ನೊಂದು ವಿದ್ಯೆ. ಈ ಎರಡನ್ನೂ ಇಂದಿನ ಗಾಳಿಯ ನಕಾಶೆಕಾರನು ಒಟ್ಟಿಗೆ ಮಾಡಬೇಕಾಗಿದೆ. ಲ್ಯಾಂಬ್ಟನ್ ಮತ್ತು ಮೆಕೆಂಜಿ ಇಬ್ಬರೂ ಅವನ ಪೂರ್ವಿಕರೆಂದರೆ ತಪ್ಪಾಗಲಾರದು.

ಮೂರನೆಯದು ಕಂದಾಯದ ಮೋಜಣಿ. ಮೈಸೂರಿನಲ್ಲಿ ಇದು ೧೮೬೩ರಲ್ಲಿ ಆರಂಭವಾಯಿತು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ೧೯೪೭ರವರೆಗೂ ಆ ಹೆಸರೇ ನಡೆಯಿತು. ಮೂವತ್ತಮೂರು ಅಡಿಯ ಸರಪಣಿಯನ್ನು ಹಿಡಿದು ಮೋಜಣಿದಾರರು ಊರೂರನ್ನು ಸುತ್ತಿದರು. ಒಂದು ಸರಪಣಿಯ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ ಎಂಬ ಲೆಕ್ಕ ನಮ್ಮ ರೈತರ ಬಾಯಿಗೆ ಬಂದದ್ದು ಹೀಗೆ. ನೆಲವನ್ನು ತರಿ, ಖುಷ್ಕಿ, ಬಾಗಾಯ್ತು ಎಂದು ವಿಂಗಡಿಸಿದರು. ಉಳಿದದ್ದಕ್ಕೆ ಗೋಮಾಳ, ಕಾವಲು, ಕಾನು ಎಂಬ ಹೆಸರುಗಳಿದ್ದವು. ಕಂದಾಯ ಕೊಡದ ತುಂಡುಗಳಿಗೆಲ್ಲ ‘ಖರಾಬು’ ಎಂಬ ಮಾತನ್ನು ಬರೆದರು. ಖರಾಬು ಎಂದರೆ ಕೆಟ್ಟದ್ದು. ಸರ್ಕಾರಕ್ಕೆ ಹಣ ಕೊಡದ ನೆಲ ಕೆಟ್ಟ ನೆಲ! ಈ ಒಂದು ಮಾತು ಮುಂದೆ ಎಷ್ಟು ಅನರ್ಥಗಳಿಗೆ ಕಾರಣವಾಯಿತೆಂಬುದನ್ನು ಮುಂದೆ ನೋಡೋಣ.

ಒರಟುತನವೆಂದರೇನು?

ಗಾಳಿ ನೆಲವನ್ನು ಸವರಿಕೊಂಡು ಹೋಗುವಾಗ ಕೆಳಗಿನ ಪದರಕ್ಕೆ ನೆಲದ ತಡೆ ತಟ್ಟುತ್ತದೆ. ಆ ಪದರ ಮೇಲಿನದನ್ನು ಹಿಂದಕ್ಕೆಳೆಯುತ್ತದೆ, ಅದು ತನ್ನ ಮೇಲಿನದನ್ನು. ಮೇಲೆ ಹೋದಂತೆಲ್ಲ ಈ ಎಳೆತ ಕಡಮೆಯಾಗಿ ಗಾಳಿ ಬಿರುಸಾಗುತ್ತದೆ. ಈ ಏರಿಕೆಯ ಗಣಿತವನ್ನು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ಗ್ಯೋಟಿಂಗೆನ್ ನಗರದ ಪ್ರಾಂಟ್ಲ್ ಮತ್ತು ಅವನ ಶಿಷ್ಯರು ಕಂಡುಹಿಡಿದರು. ಅವರಲ್ಲಿ ನಿಕುರಾಡ್ಸೆ ಎಂಬುವನು ಕೊಳವೆಗಳ ಒಳಮೈಗೆ ಮರಳಿನ ಕಣಗಳನ್ನು ಅಂಟಿಸಿ, ಅವುಗಳಲ್ಲಿ ನೀರು ಹರಿಯಿಸಿ, ಕಣದ ದಪ್ಪಕ್ಕೂ ತಡೆಗೂ ಇರುವ ಸಂಬಂಧವನ್ನು ೧೯೩೩ರಲ್ಲಿ ಪ್ರಕಟಿಸಿದನು. ಕೊಳವೆಯಲ್ಲಿ ಮರಳು ಮಾಡುವ ಕೆಲಸವನ್ನೇ ಬಯಲಿನಲ್ಲಿ ಹುಲ್ಲು, ಬೇಲಿ, ತೋಟ, ಮನೆಗಳು ಮಾಡುತ್ತವೆ. ೧೯೬೦ರಲ್ಲಿ ಕೆನಡದ ಡ್ಯಾವನ್‌ಪೋರ್ಟ್ ಎಂಬ ಎಂಜಿನಿಯರನು ಭೂಮಿಯ ಮೇಲ್ಮೈಗಳನ್ನೆಲ್ಲ ಒರಟುತನದ ಮೇರೆಗೆ ವರ್ಗಗಳಾಗಿ ವಿಂಗಡಿಸಿದನು. ೧೯೮೯ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಸಿದ್ಧಪಡಿಸಿದ ಯೂರೋಪಿನ ಗಾಳಿಯ ಭೂಪಟ ಈ ವಿದ್ಯೆಯನ್ನು ನಿತ್ಯದ ಬಳಕೆಗೆ ತಂದಿತು.

ಒರಟುತನವನ್ನು ಒಂದು ಉದ್ದವಾಗಿ ಹೇಳುವುದು ವಾಡಿಕೆ. ಅದು ಗಿಡದ ಎತ್ತರವಲ್ಲ. ಸ್ಥೂಲವಾಗಿ ಆ ಎತ್ತರದ ಹತ್ತನೆಯ ಒಂದು ಭಾಗವೆಂದು ತಿಳಿಯಬಹುದು. ನಿಂತ ನೀರಿಗೆ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗ, ಬಯಲು ಹುಲ್ಲಿಗೆ ಸುಮಾರು ಮೂರು ಸೆಂಟಿಮೀಟರು, ಬೇಲಿಸಾಲುಗಳಿರುವ ಹೊಲಗಳಿಗೆ ಹತ್ತು ಸೆಂಟಿಮೀಟರು, ತೋಟ ಊರುಗಳು ಒತ್ತಿಕೊಂಡಿರುವಲ್ಲಿ ನಲವತ್ತು ಸೆಂಟಿಮೀಟರು, ಹೆಗ್ಗಾಡಿಗೆ ಒಂದು ಮೀಟರು ಅಥವಾ ಇನ್ನೂ ಹೆಚ್ಚು. ಮರಗಳು ದಟ್ಟವಾಗಿರುವ ಅಡಕೆಯ ತೋಟದ ಮೇಲೆ ಬೀಸುವ ಗಾಳಿಗೆ ನೆಲವೇ ಮೇಲೆದ್ದು ಬಂದಂತೆ. ಮರದ ಎತ್ತರದ ಮೂರರಲ್ಲಿ ಎರಡು ಭಾಗದಷ್ಟು ಮೇಲೆ ಅದಕ್ಕೆ ಹೊಸ ನೆಲ ಸಿಕ್ಕುತ್ತದೆ.

ಈ ಅಂಕಿಗಳಿಂದ ಆಗುವ ವ್ಯತ್ಯಾಸವೇನು? ನೂರು ಮೀಟರ್ ಎತ್ತರದಲ್ಲಿ ಒಂದೇ ವೇಗದ ಗಾಳಿಯಿದ್ದರೆ, ಹುಲ್ಲಿನ ಬಯಲಿನಲ್ಲಿ ಹತ್ತು ಮೀಟರ್ ಎತ್ತರಕ್ಕೆ ಅದರ ನೂರಕ್ಕೆ ಎಪ್ಪತ್ತೆರಡು ಪಾಲು ಇಳಿದುಬರುತ್ತದೆ. ತೋಟ ಊರುಗಳ ನೆಲದಲ್ಲಿ ಐವತ್ತೆಂಟು ಪಾಲು ಮಾತ್ರ. ಗಾಳಿಯ ಶಕ್ತಿ ವೇಗದ ಘನವನ್ನು ಅನುಸರಿಸುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟುಮಡಿ. ವೇಗದ ಅಂದಾಜಿನಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಶಕ್ತಿಯ ಅಂದಾಜಿನಲ್ಲಿ ನೂರಕ್ಕೆ ಮೂವತ್ತರಷ್ಟು ತಪ್ಪುತ್ತದೆ. ಅಳತೆಯ ಕಂಬವನ್ನು ಒಂದು ಕಡೆ ನೆಟ್ಟು, ಯಂತ್ರವನ್ನು ಇನ್ನೊಂದು ಕಡೆ, ಇನ್ನೊಂದು ಎತ್ತರದಲ್ಲಿ ನಿಲ್ಲಿಸುವವರು ನಡುವಣ ನೆಲವನ್ನು ಸರಿಯಾಗಿ ಓದದಿದ್ದರೆ ಬಂಡವಾಳವೆಲ್ಲ ಗಾಳಿಗೆ ಹೋದಂತೆಯೇ.

ಇದನ್ನು ನಮ್ಮ ಹಿರಿಯರು ಅಂಕಿಗಳಿಲ್ಲದೆ ಬಲ್ಲವರಾಗಿದ್ದರು. ಕಣವನ್ನು ತೋಟದ ಮಗ್ಗುಲಲ್ಲಿ ಯಾವ ರೈತನೂ ಮಾಡುತ್ತಿರಲಿಲ್ಲ. ಊರಾಚೆ, ತುಸು ದಿಣ್ಣೆಯ ಮೇಲೆ, ಗಾಳಿ ಬರುವ ದಿಕ್ಕಿಗೆ ಮರೆಯಿಲ್ಲದ ಕಡೆ ನೆಲ ಸಾರಿಸಿ ಕಣ ಮಾಡುತ್ತಿದ್ದನು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಸಮಯದ ಮಾತನ್ನು ಹೇಳುತ್ತದೆ. ಜಾಗದ ಮಾತನ್ನು ಗಾದೆಯಲ್ಲಿ ಹೇಳಬೇಕಾದ ಅಗತ್ಯವಿರಲಿಲ್ಲ, ಅದು ಎಲ್ಲರಿಗೂ ತಿಳಿದದ್ದೇ ಆಗಿತ್ತು.

ನಮ್ಮ ದೇಶದ ಗಾಳಿಯ ಲೆಕ್ಕ

ಭಾರತದಲ್ಲಿ ಈ ಲೆಕ್ಕಕ್ಕೆ ಅಡಿಪಾಯ ಹಾಕಿದವರಲ್ಲಿ ಅಗ್ರಗಣ್ಯರು ಅನ್ನಾ ಮಣಿ. ತಿರುವಾಂಕೂರಿನ ಪೀರುಮೇಡಿನಲ್ಲಿ ೧೯೧೮ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರ ಬಳಿ ಸಂಶೋಧನೆ ಮಾಡಿ, ಹವಾಮಾನ ಇಲಾಖೆಯಲ್ಲಿ ಉನ್ನತ ಸ್ಥಾನಕ್ಕೇರಿದ ಈ ವಿದುಷಿ ನಿವೃತ್ತಿಯ ಅನಂತರವೂ ಸುಮ್ಮನಿರಲಿಲ್ಲ. ಬೆಂಗಳೂರಿನಿಂದಲೇ ದೇಶದ ಗಾಳಿಯ ಮೋಜಣಿಯನ್ನು ನಡೆಸಿದರು. ಡಿ. ಎ. ಮೂಲೆಯವರೊಡನೆ ಅವರು ಸಿದ್ಧಪಡಿಸಿದ ಭಾರತದ ಗಾಳಿಶಕ್ತಿಯ ಅಂಕಿ-ಅಂಶಗಳ ಗ್ರಂಥ ೧೯೮೩ರಲ್ಲಿ ಹೊರಬಂದಿತು. ಹವಾಮಾನ ಕೇಂದ್ರಗಳಲ್ಲಿ ಅಳೆದ ಗಾಳಿಯನ್ನು ನಂಬುವುದು ಕಷ್ಟವಾಗಿತ್ತು. ಒಂದು ಕಾಲಕ್ಕೆ ಬಯಲಿನಲ್ಲಿದ್ದ ಕೇಂದ್ರಗಳ ಸುತ್ತ ಊರು ಬೆಳೆದು, ಮರಗಳೆದ್ದು, ಗಾಳಿ ವರ್ಷವರ್ಷಕ್ಕೆ ಕುಂದಿದಂತೆ ತೋರುತ್ತಿತ್ತು. ಕುಂದಿದ್ದು ಗಾಳಿಯಲ್ಲ, ಒರಟಾದದ್ದು ನೆಲ. ಆದುದರಿಂದ ಹೊಸ ಕಂಬಗಳನ್ನು ತೆರೆದ ಜಾಗಗಳಲ್ಲಿ ನೆಡಬೇಕಾಯಿತು.

ಚೆನ್ನೈನಲ್ಲಿ ೧೯೯೮ರಲ್ಲಿ ಸ್ಥಾಪಿತವಾದ ಗಾಳಿಶಕ್ತಿಯ ಸಂಸ್ಥೆ ಡೆನ್ಮಾರ್ಕಿನವರ ಜೊತೆಗೂಡಿ ೨೦೧೦ರಲ್ಲಿ ಭಾರತದ ಗಾಳಿಯ ಭೂಪಟವನ್ನು ಪ್ರಕಟಿಸಿತು. ಆಮೇಲಿನ ಅಂದಾಜುಗಳಲ್ಲಿ ಎತ್ತರ ಹೆಚ್ಚಿದಂತೆ ಸಂಪತ್ತು ಹೇಗೆ ಹೆಚ್ಚುತ್ತದೆಂಬುದು ಸ್ಪಷ್ಟವಾಗಿದೆ. ನೂರು ಮೀಟರಿನಲ್ಲಿ ದೇಶಕ್ಕೆಲ್ಲ ೩೦೨ ಗಿಗಾವ್ಯಾಟ್ ಎಂದಿದ್ದುದು ನೂರಿಪ್ಪತ್ತು ಮೀಟರಿನಲ್ಲಿ ೬೯೫ ಆಯಿತು. ಕರ್ನಾಟಕದ ಪಾಲು ೫೫ ಇದ್ದುದು ೧೨೪ಕ್ಕೆ ಏರಿತು. ಚಿತ್ರದುರ್ಗದ ಗುಡ್ಡಗಳ ಮೇಲೂ ಗದಗಿನ ಕಪ್ಪತಗುಡ್ಡದ ಸುತ್ತಲೂ ತಿರುಗುವ ರೆಕ್ಕೆಗಳನ್ನು ದಾರಿಹೋಕರೆಲ್ಲ ಕಂಡಿದ್ದಾರೆ. ಮೊದಲು ಗುಡ್ಡದ ನೆತ್ತಿಯನ್ನೇ ಹುಡುಕುತ್ತಿದ್ದ ಯಂತ್ರಗಳು ಕಂಬ ಎತ್ತರವಾದಂತೆಲ್ಲ ಬಯಲಿಗೆ ಇಳಿಯುತ್ತಿವೆ. ಬಯಲಿಗೆ ಇಳಿದಾಗ ಒರಟುತನದ ಪ್ರಶ್ನೆ ಮೊದಲಿಗಿಂತ ಮುಖ್ಯವಾಗುತ್ತದೆ.

ನಕಾಶೆ ಬರೆಯುವ ಕ್ರಮ ಸ್ವಾರಸ್ಯವಾದದ್ದು. ಎತ್ತರಗಳನ್ನು ೨೦೦೦ದ ಫೆಬ್ರವರಿಯಲ್ಲಿ ಅಮೆರಿಕದ ಗಗನನೌಕೆಯೊಂದು ಹನ್ನೊಂದು ದಿನಗಳಲ್ಲಿ ರೇಡಾರಿನಿಂದ ಅಳೆದ ದಾಖಲೆಯಿಂದಲೋ, ನಮ್ಮದೇ ಕಾರ್ಟೊಸ್ಯಾಟ್ ಉಪಗ್ರಹದ ಚಿತ್ರಗಳಿಂದಲೋ ಪಡೆಯುತ್ತಾರೆ. ಒರಟುತನಕ್ಕಾಗಿ ಉಪಗ್ರಹದ ಚಿತ್ರದಲ್ಲಿ ತೋಟದ ಅಂಚು, ಕೆರೆಯ ಅಂಚು, ಊರಿನ ಅಂಚುಗಳ ಮೇಲೆ ಗೆರೆ ಎಳೆಯುತ್ತಾರೆ. ಪ್ರತಿಯೊಂದು ಗೆರೆಗೂ ಎಡಕ್ಕೊಂದು ಬಲಕ್ಕೊಂದು, ಎರಡು ಅಂಕಿಗಳು. ನಮ್ಮ ಊರಿನ ಎಲ್ಲೆಕಲ್ಲು ಈ ಕಡೆಯ ಗ್ರಾಮವನ್ನೂ ಆ ಕಡೆಯ ಗ್ರಾಮವನ್ನೂ ಹೇಳಿದಂತೆ ಇದು. ಗಾಳಿ ಬಯಲಿನಿಂದ ತೋಟಕ್ಕೆ ನುಗ್ಗಿದೊಡನೆ ಮೇಲಿನವರೆಗೂ ಬದಲಾಗುವುದಿಲ್ಲ. ಒಳಗೆ ಹೋದಂತೆಲ್ಲ ಬದಲಾವಣೆ ಮೆಲ್ಲನೆ ಮೇಲೇರುತ್ತದೆ. ನೂರು ಮೀಟರ್ ಎತ್ತರಕ್ಕೆ ಅದು ತಟ್ಟಲು ಸುಮಾರು ಒಂದು ಕಿಲೋಮೀಟರ್ ಬೇಕು, ಪೂರ್ತಿ ನೆಲೆಗೊಳ್ಳಲು ಹಲವು ಕಿಲೋಮೀಟರ್. ಆದುದರಿಂದ ಯಂತ್ರದ ಸುತ್ತ ಹತ್ತು ಕಿಲೋಮೀಟರಿಗೆ ಕಡಮೆಯಿಲ್ಲದಂತೆ ನೆಲವನ್ನು ಬರೆಯಬೇಕು. ಅಜ್ಜಂಪುರದ ಬಯಲಿನಲ್ಲಿ ಒಂದು ಕಂಬ ನಿಲ್ಲಿಸುವವರಿಗೆ ತರೀಕೆರೆಯ ಕಡೆಯ ತೋಟಗಳೂ ಗುಡ್ಡಗಳೂ ಬೇಕಾಗುವುದು ಇದರಿಂದಲೇ.

ಈ ನಕಾಶೆ ಒಮ್ಮೆ ಬರೆದರೆ ಮುಗಿಯುವುದೂ ಇಲ್ಲ. ೧೯೪೭ರಲ್ಲಿ ಆರಂಭವಾಗಿ ಅರವತ್ತರ ದಶಕದಲ್ಲಿ ಮುಗಿದ ಭದ್ರಾ ಅಣೆಕಟ್ಟು ಲಕ್ಕವಳ್ಳಿಯ ಕಾಡುಕಣಿವೆಯನ್ನು ನುಣುಪಾದ ನೀರಾಗಿ ಮಾಡಿತು, ಅದರ ನಾಲೆ ಕೆಳಗಿನ ಬೆದ್ದಲುಗಳನ್ನು ಗದ್ದೆ ತೋಟಗಳಾಗಿ ಮಾಡಿತು. ಒಂದು ಕಡೆ ಗಾಳಿಗೆ ದಾರಿ ತೆರೆಯಿತು, ಇನ್ನೊಂದು ಕಡೆ ಕಟ್ಟಿತು. ಅಜ್ಜಂಪುರದ ಬಳಿಯ ಸುರಂಗದ ಮೂಲಕ ನೀರನ್ನು ಚಿತ್ರದುರ್ಗದ ಕಡೆಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಯಿಂದ ಇನ್ನೂ ಎಷ್ಟು ಹೊಲ ತೋಟವಾಗುವುದೋ ಅಷ್ಟು ಗೆರೆಗಳು ಪಲ್ಲಟವಾಗುವುವು.

ಬಯಲು ಬರಿದಲ್ಲ

ಇಲ್ಲಿಗೆ ಬಂದಮೇಲೆ ಕಾವಲುಗಳ ಮಾತು ಎತ್ತಲೇಬೇಕು. ಗಾಳಿಯ ನಕಾಶೆಯಲ್ಲಿ ಈ ಸೀಮೆಯ ಅತ್ಯಂತ ನುಣುಪಾದ ನೆಲಗಳಲ್ಲಿ ಕೆರೆಗಳನ್ನು ಬಿಟ್ಟರೆ ಕಾವಲುಗಳೇ ಮೊದಲು. ಅಂಕಿಯನ್ನು ನೋಡಿದವನಿಗೆ ಇದು ಪ್ರಕೃತಿಯ ಕೊಡುಗೆ, ಯಾರೂ ಏನೂ ಮಾಡದೆ ಬಿಟ್ಟ ಖಾಲಿ ಜಾಗ ಎಂದು ತೋರಬಹುದು. ಚರಿತ್ರೆ ಬೇರೆಯದನ್ನು ಹೇಳುತ್ತದೆ.

ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ದನಗಳಿಂದ ಮೊದಲಾದ ಮೈಸೂರು ಅರಸರ ಹಿಂಡನ್ನು ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯೆಂಬ ಇಲಾಖೆಯಾಗಿ ಏರ್ಪಡಿಸಿದರು. ನಾಡಿನ ನಾನಾ ಕಡೆ ಹುಲ್ಲುಗಾವಲುಗಳನ್ನು ಅದಕ್ಕೆ ಬಿಟ್ಟರು. ಹೈದರಾಲಿ ಅದನ್ನು ಬೆಳೆಸಿದನು, ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟನು. ಫಿರಂಗಿಗಳನ್ನು ಎಳೆದು ದಂಡಿಗಿಂತ ಮುಂದೆ ಓಡಬಲ್ಲ ಎತ್ತುಗಳು ಇವು. ೧೭೯೯ರ ಮೇಲೆ ಇಂಗ್ಲಿಷರ ಕೈಗೆ ಬಂದ ಈ ಹಿಂಡನ್ನು ೧೮೬೦ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮಾರಿಹಾಕಿದರು. ಅಂಥ ಎತ್ತುಗಳು ಮತ್ತೆ ದೊರೆಯವೆಂದು ತಿಳಿದು ೧೮೬೬ರಲ್ಲಿ ಅಳಿದುಳಿದುದನ್ನು ಕೂಡಿಸಿ ಇಲಾಖೆಯನ್ನು ಮತ್ತೆ ಕಟ್ಟಿದರು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರ ಆ ಪರಂಪರೆಯದು.

ಕಾವಲುಗಳಲ್ಲಿ ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆ. ಎಲ್ಲಿ ಯಾವಾಗ ನೀರೂ ಹುಲ್ಲೂ ದೊರೆಯುವುದೋ ಅಲ್ಲಿಗೆ ಹಿಂಡನ್ನು ನಡೆಸುತ್ತಿದ್ದರು. ಒಂದು ಕಾವಲಿನಲ್ಲಿ ದನ ಮೇಯುವಾಗ ಇನ್ನೊಂದರಲ್ಲಿ ಹುಲ್ಲು ಬೆಳೆಯುತ್ತಿತ್ತು. ಉಳುವುದಕ್ಕೆ ಅವಕಾಶವಿರಲಿಲ್ಲ. ಹೀಗೆ ಮುನ್ನೂರು ವರ್ಷಗಳ ಮೇವು, ಕಾಪು, ಕಟ್ಟಳೆಗಳಿಂದ ಆ ಬಯಲು ಬಯಲಾಗಿ ಉಳಿದಿದೆ. ಗಾಳಿ ಇಂದು ತಡೆಯಿಲ್ಲದೆ ಬೀಸುವ ಆ ನುಣುಪು ಸಾವಿರಾರು ದನಗಳ ಬಾಯಿಯೂ ಅವನ್ನು ಕಾದ ಗೊಲ್ಲರ ಕಾಲೂ ಮಾಡಿದ ಕೆಲಸ. ದೇವಾಲಯದ ಕಂಬದ ನಯಕ್ಕೆ ಶಿಲ್ಪಿಯಿದ್ದಾನೆಂದು ಒಪ್ಪುವ ನಾವು ಈ ನಯಕ್ಕೂ ಕರ್ತರಿದ್ದಾರೆಂದು ಒಪ್ಪಬೇಕು.

ಖರಾಬು ಎಂಬ ಮಾತಿನ ಅನರ್ಥ ಕಾಣುವುದು ಇಲ್ಲಿಯೇ. ಕಂದಾಯದ ಭಾಷೆಯಲ್ಲಿ ಖರಾಬಾದದ್ದು ಯೋಜನೆಯ ಭಾಷೆಯಲ್ಲಿ ಪಾಳುಭೂಮಿಯಾಯಿತು. ಕೇಂದ್ರ ಸರ್ಕಾರ ೧೯೮೫ರಲ್ಲಿ ಪಾಳುಭೂಮಿಯ ಅಭಿವೃದ್ಧಿಗೆ ಮಂಡಲಿಯನ್ನು ರಚಿಸಿತು, ೨೦೦೦ದಲ್ಲಿ ಪಾಳುಭೂಮಿಗಳ ಭೂಪಟವೇ ಹೊರಬಂದಿತು. ದೇಶದ ಎಷ್ಟೋ ಹುಲ್ಲುಗಾವಲುಗಳು ಅದರಲ್ಲಿ ಸೇರಿಹೋದವು. ಪಾಳು ಎಂದ ಮೇಲೆ ಮರ ನೆಡಬಹುದು, ಕಾರ್ಖಾನೆ ಕಟ್ಟಬಹುದು. ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಸುತ್ತಣ ಹಳ್ಳಿಯವರು ಹಸುರು ನ್ಯಾಯಪೀಠದವರೆಗೂ ಹೋಗಬೇಕಾಯಿತು. ಇದಕ್ಕೆ ಎದುರಾಗಿ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ೨೦೧೧ರಲ್ಲಿ ಕೃಷ್ಣಮೃಗಗಳ ಸಲುವಾಗಿ ಸಂರಕ್ಷಿತ ಪ್ರದೇಶವೆಂದು ಸಾರಿದರು. ಒಂದೇ ಬಗೆಯ ನೆಲ, ಒಂದು ಕಡೆ ಪಾಳು, ಇನ್ನೊಂದು ಕಡೆ ನಿಧಿ.

ಗಾಳಿಯ ನಕಾಶೆ ಈ ವಾದದಲ್ಲಿ ಯಾವ ಪಕ್ಷಕ್ಕೆ ಸೇರುತ್ತದೆ? ಅವಸರದವನು ಅದನ್ನು ಇನ್ನೊಂದು ಪಾಳುಭೂಮಿಯ ಪಟ್ಟಿಯಾಗಿ ಓದಿಯಾನು. ಒರಟುತನ ಮೂರು ಸೆಂಟಿಮೀಟರು, ಜನವಸತಿಯಿಲ್ಲ, ಆದುದರಿಂದ ಯೋಗ್ಯ ಎಂದಷ್ಟೇ ಬರೆದಾನು. ಕಂಬದ ಬುಡ ಹಿಡಿಯುವ ಜಾಗ ಕೊಂಚವೇ, ಅದರ ಕೆಳಗೆ ದನ ಮೇಯಬಹುದು ಎಂಬುದು ನಿಜ. ಆದರೆ ಕಂಬದ ಜೊತೆಗೆ ಅಗಲವಾದ ರಸ್ತೆಗಳು, ತಂತಿಗಳು, ಬೇಲಿಗಳು ಬರುತ್ತವೆ ಎಂಬುದೂ ನಿಜ. ಹುಲ್ಲಿನ ಮೇಲೆ ಬೇಟೆಯಾಡುವ ಹಕ್ಕಿಗಳಿಗೆ ತಿರುಗುವ ರೆಕ್ಕೆಗಳು ಅಪಾಯವೆಂಬುದೂ ನಿಜ.

ಆದರೆ ಎಚ್ಚರದಿಂದ ಓದಿದವನಿಗೆ ಅದೇ ನಕಾಶೆ ಇನ್ನೊಂದು ಮಾತನ್ನು ಹೇಳುತ್ತದೆ. ಕಾವಲಿನಲ್ಲಿ ನೀಲಗಿರಿಯನ್ನೋ ಅಕೇಸಿಯವನ್ನೋ ನೆಟ್ಟರೆ ಕೆಲವೇ ವರ್ಷಗಳಲ್ಲಿ ಮೂರು ಸೆಂಟಿಮೀಟರು ಒಂದು ಮೀಟರಿನ ಕಡೆಗೆ ಏರುತ್ತದೆ, ಅದರ ಮೂಡಣಕ್ಕಿರುವ ಬಯಲೆಲ್ಲ ಗಾಳಿಯನ್ನು ಕಳೆದುಕೊಳ್ಳುತ್ತದೆ. ಹುಲ್ಲು ಉಳಿದರೆ ಗಾಳಿ ಉಳಿಯುತ್ತದೆ. ಹುಲ್ಲು ಉಳಿಯಬೇಕಾದರೆ ಅದನ್ನು ಮೇಯುವ ದನ ಉಳಿಯಬೇಕು, ದನವನ್ನು ಕಾಯುವವರಿಗೆ ಬದುಕು ಇರಬೇಕು. ಕಾವಲಿನ ಆಚೆ ನಿಲ್ಲುವ ಯಂತ್ರಕ್ಕೂ ಒಳಗೆ ಮೇಯುವ ಹಸುವಿಗೂ ಬೇಕಾದದ್ದು ಒಂದೇ ಬಯಲು. ಗಾಳಿಯಿಂದ ಲಾಭ ಪಡೆಯುವವರು ಆ ಬಯಲನ್ನು ಕಾದವರಿಗೆ ಋಣಿಗಳು. ಈ ಋಣವನ್ನು ಒಪ್ಪಂದದ ಕಾಗದದಲ್ಲಿ ಕಾಣಿಸುವ ಹೊಣೆ ಸರ್ಕಾರದ್ದು.

ಶಾಸನಗಳು ನೆಲವನ್ನು ಅದು ಬೆಳೆಯುವುದರಿಂದ ಅಳೆದವು, ಮೋಜಣಿ ಅದು ಸಲ್ಲಿಸುವ ಹಣದಿಂದ ಅಳೆಯಿತು, ಇಂದಿನ ನಕಾಶೆ ಅದು ಗಾಳಿಗೆ ಒಡ್ಡುವ ತಡೆಯಿಂದ ಅಳೆಯುತ್ತಿದೆ. ಮೂರೂ ಸತ್ಯವೇ, ಮೂರೂ ಅರೆಸತ್ಯವೇ. ಅಂಕಿಯ ಪಕ್ಕದಲ್ಲಿ ನೆಲದ ಹೆಸರನ್ನೂ ಬರೆಯುವ ನಮ್ಮ ಹಳೆಯ ಪದ್ಧತಿಯನ್ನು ಬಿಡದಿರುವುದು ಲೇಸು. ೨೦೧೮ರಲ್ಲಿ ತಾಲ್ಲೂಕಾದ ಅಜ್ಜಂಪುರದ ಹೊಸ ಕಚೇರಿಗೆ ಇಂಥ ನಕಾಶೆಯೊಂದು ನಾಳೆ ಬಂದೀತು. ಅದರಲ್ಲಿ ‘ಮೂರು ಸೆಂಟಿಮೀಟರು’ ಎಂದು ಬರೆದ ಕಡೆಯಲ್ಲೆಲ್ಲ ‘ಕಾವಲು’ ಎಂಬ ಮೂರಕ್ಷರವೂ ಇರಲಿ.